ಮಲಗಿದ ದೇವರ ಸೀಮೆ

ಶ್ರೀರಂಗಪಟ್ಟಣದ ರಂಗನಾಥ ಆದಿರಂಗ. ಶಿವನಸಮುದ್ರದ ಮಧ್ಯರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ಹಿರಿಯ. ಇಷ್ಟು ವಯಸ್ಸಾದರೂ ಶೇಷನ ಮೇಲೆ ನೆಮ್ಮದಿಯಾಗಿ ಪವಡಿಸಿದ್ದಾನೆ. ಅದೇ ಊರಿನ ಟಿಪ್ಪುವಿಗೆ ಆ ಭಾಗ್ಯವಿದ್ದಂತಿಲ್ಲ. ಕಂಡ ಕನಸುಗಳನ್ನು ಕೈಯಾರೆ ಪಾರಸಿಯಲ್ಲಿ ಬರೆದಿಡುತ್ತಿದ್ದ. 1799ರಲ್ಲಿ ಆತ ಮಡಿದ ಮೇಲೆ ಅರಮನೆಯಲ್ಲಿ ಸಿಕ್ಕ ಆ ಪುಸ್ತಕದಲ್ಲಿ 37 ಕನಸುಗಳಿವೆ. ಕನಸು ನೆನಪಿರಬೇಕಾದರೆ ನಡುವೆ ಎಚ್ಚರವಾಗಿರಬೇಕಲ್ಲ!

ನಮ್ಮ ಅಜ್ಜಿಯರು ಕನಸು ಬರೆದಿಡುವವರಲ್ಲ, ಬಾಯಲ್ಲೇ ವರದಿ ಒಪ್ಪಿಸುವವರು. ಪಾಂಡವಪುರದ ಕಡೆ ಬೆಳಿಗ್ಗೆ ಯಾವ ಜಗಲಿಯಲ್ಲಿ ಕೂತರೂ ಕೇಳುವುದು ಒಂದೇ: “ರಾತ್ರಿಯೆಲ್ಲ ಕಣ್ಣೆವೆ ಮುಚ್ಚಿಲ್ಲ ಕನಪ್ಪ.” ಮಧ್ಯಾಹ್ನ ಮುದ್ದೆ, ಬಸ್ಸಾರು ಉಂಡು ಅದೇ ಜಗಲಿಯಲ್ಲಿ ಗೊರಕೆ. ಎಬ್ಬಿಸಿದರೆ, “ನಾನೆಲ್ಲಿ ಮಲ್ಗಿದ್ದೆ? ಸುಮ್ಕೆ ಕಣ್ ಮುಚ್ಕಂಡಿದ್ದೆ.” ಕೆ.ಆರ್.ಪೇಟೆ ಬಸ್ಸಿನ ಕಂಬಿಗೆ ತಲೆ ಆನಿಸಿದ ತಾತ ತನ್ನೂರಿನ ಗೇಟು ಬಂದಾಗಲೇ ಕರಾರುವಾಕ್ಕಾಗಿ ಕಣ್ಣು ಬಿಡುತ್ತಾನೆ. ಈ ವಿದ್ಯೆಯನ್ನು ಯಾವ ನಿದ್ರಾತಜ್ಞರೂ ಕಲಿಸಲಾರರು.

ವಯಸ್ಸಾದಂತೆ ಮೈಯೊಳಗಿನ ಗಡಿಯಾರ ಮುಂದಕ್ಕೆ ಓಡುತ್ತದೆ. ಏಳಕ್ಕೇ ತೂಕಡಿಕೆ, ಮೂರಕ್ಕೇ ಎಚ್ಚರ. ಗಾಢನಿದ್ದೆ ತೆಳುವಾಗುತ್ತದೆ, ಸೊಳ್ಳೆ ಗುಂಯ್‌ಗುಟ್ಟಿದರೂ ಸಾಕು. ಆದರೂ ಅರವತ್ತೈದು ದಾಟಿದವರಿಗೆ ಏಳೆಂಟು ಗಂಟೆ ನಿದ್ದೆ ಬೇಕೇ ಬೇಕು. ಎಂಟಕ್ಕೆ ಮಲಗಿ ಮೂರಕ್ಕೆ ಎದ್ದರೆ ಲೆಕ್ಕ ಸರಿಹೋಯಿತು, ಕೋಳಿಗಿಂತ ಮುಂಚೆ ಅಜ್ಜಿಗೆ ಬೆಳಗಾಯಿತು ಅಷ್ಟೆ. ಆದರೆ ಎಂಟಕ್ಕೆ ಮಲಗಲು ಬಿಡುವವರು ಯಾರು? ಅವಳ ಚಾಪೆ ನಡುಮನೆಯಲ್ಲಿ, ಟೀವಿಯೂ ನಡುಮನೆಯಲ್ಲಿ. ಧಾರಾವಾಹಿಯ ಅತ್ತೆ ಸೊಸೆಯ ಜಗಳ ಹತ್ತೂವರೆಗೆ ಮುಗಿದ ಮೇಲೆ ಮನೆಯ ಸೊಸೆಗೆ ನಿಜವಾದ ಅತ್ತೆಯ ನೆನಪಾಗಿ, “ಡಾಕ್ಟರ ಹತ್ರ ನಿದ್ದೆ ಮಾತ್ರೆ ಬರೆಸೋಣ್ವಾ ಅತ್ತೆಮ್ಮ?” ಎನ್ನುತ್ತಾಳೆ.

ನನಗೆ ಆ ಮಾತ್ರೆಯದೇ ಭಯ. ಅದರ ಮಂಪರಿನಲ್ಲಿ ಕತ್ತಲಲ್ಲಿ ಬಚ್ಚಲಿಗೆ ಎದ್ದವರು ಜೋಲಿ ತಪ್ಪಿದರೆ ಸೊಂಟದ ಮೂಳೆ ಉಳಿಯದು. ಅದಕ್ಕಿಂತ ಟೀವಿ ಆರಿಸುವುದು ಅಗ್ಗ. ಮಧ್ಯಾಹ್ನದ ನಿದ್ದೆ ಮೂರು ಗಂಟೆಯೊಳಗೆ, ಅರ್ಧ ಗಂಟೆಗೆ ಮುಗಿಯಲಿ. ಸಂಜೆಯ ಕಾಫಿ ನಿಲ್ಲಲಿ (ಇದನ್ನು ಹೇಳುವ ಧೈರ್ಯ ನನಗಿಲ್ಲ, ಸೊಸೆಯೇ ಹೇಳಲಿ). ಬೆಳಿಗ್ಗೆ ಎಳೆಬಿಸಿಲಿಗೆ ಮೈಯೊಡ್ಡಿ ಎರಡು ಸುತ್ತು ನಡೆಯಲಿ. ಬಚ್ಚಲ ದಾರಿಗೊಂದು ಮಂಕು ದೀಪ ಇರಲಿ. ಗೊರಕೆಯ ನಡುವೆ ಉಸಿರು ಕಟ್ಟಿ ಕಟ್ಟಿ ಎಳೆಯುತ್ತಿದ್ದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಇಷ್ಟನ್ನೂ ನಾಗಮಂಗಲದ ಕಡೆಯ ತಾತನೊಬ್ಬನ ಮುಂದೆ ಒದರಿದೆ. ಪೂರ್ತಿ ಕೇಳಿಸಿಕೊಂಡು, “ತ್ರೀಫೇಸು ಸರೊತ್ನಲ್ಲಿ ಕೊಟ್ರೆ ಮೋಟ್ರು ಆಕೋರ್ಯಾರು, ನಿಮ್ ಡಾಕ್ಟ್ರಾ?” ಎಂದ. ಬೋರ್‌ವೆಲ್ ನಂಬಿದವನಿಗೆ ಕರೆಂಟು ಬಂದಾಗಲೇ ಬೆಳಗು. ಬೆಂಗಳೂರಿನಲ್ಲಿರುವ ಮಗ ಅಪ್ಪ ನಿದ್ದೆಗೆಡಬಾರದೆಂದು, ಮಲಗಿದಲ್ಲಿಂದಲೇ ಮೊಬೈಲಿನಲ್ಲಿ ಮೋಟರು ಹಾಕುವ ಸ್ಟಾರ್ಟರ್ ತಂದು ಕೂರಿಸಿದ್ದಾನೆ. ತಾತ ಈಗ ಮಲಗಿದಲ್ಲೇ ಗುಂಡಿ ಒತ್ತುತ್ತಾನೆ; ಆಮೇಲೆ ಬ್ಯಾಟರಿ ಹಿಡಿದು, ಮೋಟರು ನಿಜವಾಗಿ ಓಡುತ್ತಿದೆಯೋ ಇಲ್ಲವೋ ನೋಡಿಬರಲು ತೋಟಕ್ಕೆ ಹೊರಡುತ್ತಾನೆ.