ಬದನೆಕಾಯಿ ಒಳಗೆ, ಬೆಕ್ಕು ಹೊರಗೆ

ಬೆಕ್ಕು ಸಾಕಿದವರ ಮನೆಯಲ್ಲಿ ಯಾರಿಗಾದರೂ ನವೆ ಶುರುವಾದರೆ ಮೊದಲು ಸಿಕ್ಕಿಬೀಳುವುದು ಬದನೆಕಾಯಿ. ‘ನಿನ್ನೆ ಎಣ್ಣೆಗಾಯಿ ತಿಂದೆ ನೋಡಿ, ನಂಜಾಗಿದೆ’ ಅನ್ನುತ್ತಾರೆ. ಆಮೇಲೆ ಸೋಪಿನ ಪುಡಿ, ಬೋರ್‌ವೆಲ್ ನೀರು, ಸೊಳ್ಳೆ ಎಲ್ಲದರ ವಿಚಾರಣೆಯೂ ಆಗುತ್ತದೆ. ಪಿತ್ತದ ಗಂಧೆ ಎಂದು ಪುನರ್ಪುಳಿ ಶರಬತ್ತು ಕುಡಿಸುವವರೂ ಉಂಟು. ಇಷ್ಟೆಲ್ಲ ನಡೆಯುವಾಗ ಅಸಲಿ ಆರೋಪಿ ಅವರ ತೊಡೆಯ ಮೇಲೇ ಗುರ್ ಗುರ್ ಎನ್ನುತ್ತ ಮಲಗಿರುತ್ತದೆ!

ಮುಂಗೈ ತುಂಬ ಕೆಂಪು ದದ್ದು. ಉಗುರು ತಾಗಿದ ಕಡೆಯಂತೂ ಗೆರೆ ಎಳೆದ ಹಾಗೆ ಊದಿಕೊಂಡಿದೆ. ‘ಬೆಕ್ಕಿನದೇ ಇರಬಹುದಲ್ಲವೇ?’ ಎಂದು ಕೇಳಿದಿರೋ, ಕೆಟ್ಟಿರಿ. ‘ಛೆ, ನಮ್ಮ ಚಿನ್ನು ಕೂದಲೇ ಉದುರಿಸಲ್ಲ ಕಣ್ರೀ!’

ಕೂದಲು ಪಾಪ, ಬರೀ ಬಾಡಿಗೆ ಟೆಂಪೋ, ಸರಕು ಬೇರೆಯದೇ. ಬೆಕ್ಕಿನ ಎಂಜಲಿನಲ್ಲಿ, ಚರ್ಮದ ಎಣ್ಣೆಗ್ರಂಥಿಗಳಲ್ಲಿ ‘ಫೆಲ್ ಡಿ 1’ ಎಂಬ ಪ್ರೋಟೀನ್ ಇರುತ್ತದೆ. ಹೊತ್ತುಹೊತ್ತಿಗೂ ನೆಕ್ಕಿ ಮೈಗೆಲ್ಲ ಬಳಿದುಕೊಂಡದ್ದು ಒಣಗಿ, ಹೊಟ್ಟಿನ ಜೊತೆ ಗಾಳಿಗೇಳುತ್ತದೆ. ಬೆಕ್ಕಿನ ಅತಿಮಡಿಯೇ ಒಡೆಯರ ಮೈಗೆ ಗ್ರಹಚಾರ! ಕೆಲವರ ದೇಹ ಈ ಪ್ರೋಟೀನನ್ನು ಕಂಡೊಡನೆ ವೈರಿ ಬಂದನೆಂದು ಗಾಬರಿಯಾಗಿ ಹಿಸ್ಟಮಿನ್ ಸುರಿಸುತ್ತದೆ. ಅದರ ಫಲವೇ ತುರಿಕೆ, ಸೀನು, ಕಣ್ಣಲ್ಲಿ ನೀರು. ದುಡ್ಡು ಸುರಿದು ಕೂದಲಿಲ್ಲದ ಸ್ಫಿಂಕ್ಸ್ ತಳಿಯನ್ನೇ ತಂದರೂ ಎಂಜಲು ಎಂಜಲೇ. ಸಂತಾನಹರಣ ಮಾಡಿಸದ ಗಂಡುಬೆಕ್ಕಿನಲ್ಲಂತೂ ಈ ಸರಕು ಇನ್ನೂ ಜಾಸ್ತಿ. ಸಿಟ್ಟಿನಿಂದ ಬೆಕ್ಕನ್ನು ಯಾರಿಗೋ ದಾಟಿಸಿದರೂ ಸೋಫಾ, ಪರದೆಗಳಲ್ಲಿ ಅದರ ಪ್ರಸಾದ ತಿಂಗಳುಗಟ್ಟಲೆ ಉಳಿದಿರುತ್ತದೆ.

ಹಾಗಂತ ಎಲ್ಲ ತುರಿಕೆಯನ್ನೂ ಅಲರ್ಜಿಯ ತಲೆಗೆ ಕಟ್ಟುವ ಹಾಗಿಲ್ಲ. ಉಂಗುರದ ಹಾಗೆ ಸುತ್ತ ಹಬ್ಬುತ್ತಿದ್ದರೆ ಹುಳುಕಡ್ಡಿ ಇರಬಹುದು. ಅದನ್ನೂ ಬೆಕ್ಕೇ ದಾನ ಮಾಡಿರಬಹುದು. ಪಾದದ ಗಂಟಿನ ಸುತ್ತ ಸಣ್ಣ ಗುಳ್ಳೆಗಳೆದ್ದರೆ ಚಿಗಟವನ್ನು ಹುಡುಕಿ. ಉಬ್ಬಸ ಬಂತೋ, ತಮಾಷೆ ಬಿಟ್ಟು ವೈದ್ಯರ ಬಳಿ ಓಡಿ.

ವೈದ್ಯರು ಹೇಳುವುದು ಕೇಳಲು ಸುಲಭ. ಬೆಕ್ಕನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅದೇ ಕೈಯಲ್ಲಿ ಕಣ್ಣುಜ್ಜಬೇಡಿ. ಅಗತ್ಯ ಬಿದ್ದರೆ ಸೆಟ್ರಿಜಿನ್ ಥರದ ಮಾತ್ರೆ ಬರೆದುಕೊಡುತ್ತಾರೆ. ಬೆಕ್ಕಿಗೆ ಸ್ನಾನ ಮಾಡಿಸಿದರೆ ಒಂದೆರಡು ದಿನದ ಮಟ್ಟಿಗೆ ವಾಸಿಯಂತೆ. ಬೆಕ್ಕಿಗೆ ಗಂಟೆ ಕಟ್ಟುವ ಶೂರ ಎಲ್ಲಾದರೂ ಸಿಕ್ಕಾನು. ತಲೆಗೆ ನೀರು ಹುಯ್ಯುವವನು ಇನ್ನೂ ಹುಟ್ಟಬೇಕು.

ಕಡೆಯ ಅಪ್ಪಣೆ, ಮಲಗುವ ಕೋಣೆಗೆ ಬೆಕ್ಕನ್ನು ಬಿಡಬೇಡಿ ಎಂಬುದು. ವಾರ ಬಿಟ್ಟು ಹೋಗಿ ನೋಡಿ: ಮಂಚದ ಮೇಲೆ ಬೆಕ್ಕು, ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಯಜಮಾನರು. ಯಾಕ್ರೀ ಹೀಗೆ ಎಂದರೆ, ‘ರಾತ್ರಿಯೆಲ್ಲ ಬಾಗಿಲು ಕೆರೀತಿತ್ತು, ಪಾಪ’ ಅನ್ನುತ್ತಾರೆ, ತಮ್ಮ ಮೊಣಕೈ ಕೆರೆದುಕೊಳ್ಳುತ್ತಾ.