ಪವರ್ ಪೆಟ್ರೋಲ್ ಮೀಮಾಂಸೆ: ಅಜ್ಜೀಪುರ ಪಾಠ

ಶಾಸ್ತ್ರಗ್ರಂಥ ಎಂದಮೇಲೆ ‘ಅಥ’ ಎಂದೇ ತೊಡಗಬೇಕು. ಅಥ ಪೆಟ್ರೋಲ್.

ವಿಷಯ: ಬಂಕಿನಲ್ಲಿ ಸಾದಾ ಪೆಟ್ರೋಲಿನ ಪಕ್ಕದಲ್ಲೇ ಏಳೆಂಟು ರೂಪಾಯಿ ಹೆಚ್ಚಿಗೆ ಬರೆಸಿಕೊಂಡು ನಿಂತಿರುವ ಎಕ್ಸ್‌ಪಿ 95, ಸ್ಪೀಡ್, ಪವರ್ ಮೊದಲಾದ ನಾಮಧೇಯಗಳ ದ್ರವಕ್ಕೆ ಆ ಹೆಚ್ಚಿನ ಕಾಸು ಕೊಡಬಹುದೇ, ಕೊಡಬಾರದೇ? ಅಧಿಕಾರಿ, ಅಂದರೆ ಈ ಗ್ರಂಥ ಓದಲು ಅರ್ಹನಾದವನು: ಒಂದು ಗಾಡಿ ಮತ್ತು ಜೇಬಿನಲ್ಲಿ ನೂರು ರೂಪಾಯಿ ಉಳ್ಳವನು. ಸಂಬಂಧ: ಗಾಡಿಯವನಿಗೂ ಬಂಕಿನ ಹುಡುಗನಿಗೂ ಇರುವಂಥದ್ದು, ಅರ್ಧ ನಿಮಿಷದ್ದು. ಪ್ರಯೋಜನ: ಮುಂದೆ ಕಂಡರೆ ಹೇಳಲಾಗುವುದು.

ಇಂಥ ಜಿಜ್ಞಾಸೆಗೆ ಬೆಂಗಳೂರು ತಕ್ಕ ಕ್ಷೇತ್ರವಲ್ಲ. ಸಿಗ್ನಲ್ಲಿನಲ್ಲಿ ನಿಂತ ಗಾಡಿಗೆ ಯಾವ ಪೆಟ್ರೋಲ್ ಹಾಕಿದರೂ ಅದು ನಿಂತೇ ಇರುತ್ತದೆ. ಆದ್ದರಿಂದ ಹನೂರು ತಾಲ್ಲೂಕಿನ ಅಜ್ಜೀಪುರವನ್ನು ಆರಿಸಲಾಗಿದೆ. ಹನೂರಿನಿಂದ ರಾಮಾಪುರದ ಕಡೆಗೆ ಹೋಗುವ ದಾರಿ, ಅಕ್ಕಪಕ್ಕ ರಾಗಿ, ಮುಸುಕಿನ ಜೋಳದ ಹೊಲ, ಆಚೆಗೆ ಕಾಡು. ಈ ಸೀಮೆಯ ಗಾಡಿಗಳಿಗೆಲ್ಲ ವರ್ಷಕ್ಕೊಮ್ಮೆಯಾದರೂ ಬರೆಯಬೇಕಾದ ಪರೀಕ್ಷೆ ಒಂದಿದೆ. ಮಲೆ ಮಹದೇಶ್ವರ ಬೆಟ್ಟ ಹತ್ತುವುದು. ಅಮಾವಾಸ್ಯೆ ಬಂತೆಂದರೆ ಒಂದು ಸ್ಪ್ಲೆಂಡರಿನ ಮೇಲೆ ಗಂಡ, ಹೆಂಡತಿ, ನಡುವೆ ಅತ್ತೆ, ಟ್ಯಾಂಕಿನ ಮೇಲೆ ಮುಡಿ ಕೊಡಿಸಬೇಕಾದ ಕೂಸು ಇಷ್ಟನ್ನೂ ಹೊತ್ತು ತಾಳಬೆಟ್ಟದ ಏರಿಗೆ ಬಾಯಿಕೊಡಬೇಕು. ಜಗತ್ತಿನ ಯಾವ ಪ್ರಯೋಗಶಾಲೆಯೂ ಇಷ್ಟು ಭಾರವಿಟ್ಟು ಎಂಜಿನನ್ನು ಪರೀಕ್ಷಿಸಿದ ದಾಖಲೆಯಿಲ್ಲ. (ಮಾದಪ್ಪ ಸ್ವತಃ ಹುಲಿವಾಹನ. ಹುಲಿಗೆ ಬೇಕಾದ ಆಕ್ಟೇನ್ ಎಷ್ಟೆಂದು ಕಂಸಾಳೆಯವರು ಯಾರೂ ಹಾಡಿಲ್ಲ.)

ಪೂರ್ವಪಕ್ಷ ಅಧಿಕವಾದಿಗಳದು, ಅಂದರೆ ಹೆಚ್ಚಿನ ಕಾಸು ಕೊಡಬಹುದು ಎನ್ನುವವರದು. ಇವರ ಮುಖ್ಯ ಆಧಾರ ಪ್ರತ್ಯಕ್ಷ ಪ್ರಮಾಣ: ‘ಪವರ್ ಹಾಕಿಸ್ದೆ ನೋಡಣ್ಣ, ಬಂಕಿಂದ ಈಚೆಗೆ ಬತ್ತಿದ್ದಂಗೇ ಗಾಡಿ ಹಗೂರ ಆಗೋಯ್ತು.’ ಪಾಪ, ಸುಳ್ಳು ಹೇಳುವ ಜನರಲ್ಲ. ಆದರೆ ಬಂಕಿನಿಂದ ಈಚೆಗೆ ಬರುವ ಹೊತ್ತಿಗೆ ಎಂಜಿನ್ ಉರಿಸುತ್ತಿರುವುದು ಪೈಪು, ಕಾರ್ಬೊರೇಟರುಗಳಲ್ಲಿ ಉಳಿದಿದ್ದ ಹಳೆಯ ಸಾದಾ ಪೆಟ್ರೋಲನ್ನು. ಹೊಸದು ಇನ್ನೂ ಟ್ಯಾಂಕಿನಲ್ಲೇ ಕುಲುಕಾಡುತ್ತಿದೆ. ಆದ್ದರಿಂದ ಹಗುರಾದದ್ದು ಜೇಬು ಎಂಬುದು ಭಾಷ್ಯಕಾರರ ಮತ.

ಇಲ್ಲಿ ಆಕ್ಟೇನ್ ವಿಚಾರ. 1926ರಲ್ಲಿ ಅಮೆರಿಕದ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞ ಎರಡು ದ್ರವಗಳನ್ನು ಎರಡು ತುದಿಗೆ ನಿಲ್ಲಿಸಿದ. ಐಸೊ ಆಕ್ಟೇನಿಗೆ ನೂರು ಅಂಕ, ಹೆಪ್ಟೇನಿಗೆ ಸೊನ್ನೆ. ಸೊನ್ನೆ ಪಡೆದ ಆ ಹೆಪ್ಟೇನನ್ನು ಮೊದಮೊದಲು ಪಡೆಯುತ್ತಿದ್ದದ್ದು ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ. ಮರ ಅಷ್ಟು ಚೊಕ್ಕವಾಗಿ ಕೊಟ್ಟದ್ದಕ್ಕೆ ಸಿಕ್ಕ ಅಂಕ ಸೊನ್ನೆ. ನಮ್ಮ ಸರ್ಕಾರಿ ಶಾಲೆಗಳಲ್ಲೂ ಇಷ್ಟು ಅನ್ಯಾಯವಿಲ್ಲ. ಈ ಅಂಕ ಅಳೆಯುವುದು ಪೆಟ್ರೋಲಿನ ಸಂಯಮವನ್ನು. ಪಿಸ್ಟನ್ ಮೇಲೆದ್ದು ಗಾಳಿ-ಪೆಟ್ರೋಲನ್ನು ಹಿಂಡುವಾಗ, ಪ್ಲಗ್ಗು ಹೊತ್ತಿಸಿದ ಜ್ವಾಲೆ ತನ್ನ ಹತ್ತಿರ ಬರುವವರೆಗೂ ಉಳಿದ ಮಿಶ್ರಣ ತಾಳ್ಮೆಯಿಂದ ಕಾದರೆ ಕೆಲಸ ಸುಗಮ. ಕಾಯದೆ ತನ್ನಷ್ಟಕ್ಕೆ ತಾನೇ ಸಿಡಿದರೆ ಎಂಜಿನ್ ಒಳಗಿಂದ ಕಟಕಟ ಸದ್ದು. ಅದೇ ನಾಕಿಂಗ್. ಸಾದಾ ಪೆಟ್ರೋಲಿನ ಸಂಯಮಕ್ಕೆ ಬಹುಕಾಲ ನಿಗದಿಯಾಗಿದ್ದದ್ದು ಕನಿಷ್ಠ 91 ಅಂಕ, ಎಕ್ಸ್‌ಪಿ 95ಕ್ಕೆ ಹೆಸರೇ ಹೇಳುವಂತೆ 95. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ನೂರಕ್ಕೆ ನೂರು ತೆಗೆದ ಎಕ್ಸ್‌ಪಿ 100 ಬಿಟ್ಟಾಗ ದಿಲ್ಲಿಯಲ್ಲಿ ಲೀಟರಿಗೆ 160 ರೂಪಾಯಿ. ಇಷ್ಟಾದರೂ ಅಂಕ ಏರಿದಂತೆ ಲೀಟರೊಳಗಿನ ಶಕ್ತಿ ಏರುವುದಿಲ್ಲ. ತಾಳ್ಮೆಗೆಟ್ಟವನಿಗೂ ತಾಳ್ಮೆಯವನಿಗೂ ಮೈಕಸುವು ಒಂದೇ ಇರಬಹುದಷ್ಟೆ.

ಹಾಗಾದರೆ ಸಂಯಮ ಯಾರಿಗೆ ಬೇಕು? ಹೆಚ್ಚು ಹಿಂಡುವ ಎಂಜಿನ್ನಿಗೆ. ಹನ್ನೊಂದು, ಹನ್ನೆರಡು ಪಟ್ಟು ಹಿಂಡುವ ಸ್ಪೋರ್ಟ್ಸ್ ಬೈಕಿಗೆ, ಟರ್ಬೊ ಕಾರಿಗೆ ಅದರಿಂದ ನಿಜವಾದ ಉಪಯೋಗ ಇರಬಹುದು. ಅಂಥ ಎಂಜಿನಿಗೆ ಕಂಪ್ಯೂಟರ್ ಇರುತ್ತದೆ; ಸಂಯಮ ಹೆಚ್ಚಿದ್ದಷ್ಟೂ ಕಿಡಿಯ ಗಳಿಗೆಯನ್ನು ಮುಂಚೆ ತರುತ್ತದೆ. ಅಜ್ಜೀಪುರದ ಸ್ಪ್ಲೆಂಡರು ಹಿಂಡುವುದು ಹೆಚ್ಚುಕಮ್ಮಿ ಹತ್ತು ಪಟ್ಟು. ಅದಕ್ಕೆ 91 ಅಂಕದ ಪೆಟ್ರೋಲೇ ಸಾಕು. ಟಿವಿಎಸ್ ಎಕ್ಸೆಲ್ಲಿನ ವಿಷಯ ಇಲ್ಲಿ ಎತ್ತುವುದಿಲ್ಲ. ಎರಡು ಮೂಟೆ ಜೋಳ, ಒಂದು ಮೇಕೆ, ಅದರ ಮೇಲೆ ಯಜಮಾನ ಕೂತು ಹೊರಟ ಎಕ್ಸೆಲ್ ಯಾವ ಶಾಸ್ತ್ರಕ್ಕೂ ಒಳಪಟ್ಟದ್ದಲ್ಲ.

ಅಧಿಕವಾದಿ ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ‘ಹಂಗಾರೆ ತಾಳಬೆಟ್ಟದ ಏರಲ್ಲಿ ನಮ್ ಗಾಡಿ ಕಟಕಟ ಅಂತದಲ್ಲ, ಅದ್ಕೇನಂದಯ್ಯ?’ ಆಕ್ಷೇಪ ಗಟ್ಟಿಯಾದದ್ದು. ಉತ್ತರ ಅವನ ಎಡಗಾಲಿನ ಹತ್ತಿರ ಇದೆ. ನಾಲ್ಕು ಜನರನ್ನು ಹೊತ್ತು ಟಾಪ್ ಗೇರಿನಲ್ಲೇ ಏರು ಹತ್ತಿಸುತ್ತೇನೆಂದು ಹಟ ಹಿಡಿದರೆ ಎಂಜಿನ್ ಮೆಲ್ಲಗೆ ತಿರುಗುತ್ತಾ ಪೂರ್ತಿ ಭಾರ ಎಳೆಯಬೇಕು; ನಾಕಿಂಗಿಗೆ ಅದಕ್ಕಿಂತ ಅನುಕೂಲದ ಗಳಿಗೆ ಇಲ್ಲ. ಸೆಕೆಂಡಿಗೆ ಇಳಿಸಿದರೆ ಸದ್ದು ಅಡಗುತ್ತದೆ. ಗೇರು ಇಳಿಸುವುದಕ್ಕೆ ಲೀಟರಿಗೆ ಇಷ್ಟೆಂದು ಯಾವ ಕಂಪನಿಯೂ ಇನ್ನೂ ದರ ಕಟ್ಟಿಲ್ಲ. ಅತ್ತೆಯನ್ನು ಬಸ್ಸಿಗೆ ಹತ್ತಿಸಿದರೂ ಫಲ ಒಂದೇ, ಆದರೆ ಅದು ಕುಟುಂಬಶಾಸ್ತ್ರಕ್ಕೆ ಸೇರಿದ್ದು.

ಶಬ್ದಪ್ರಮಾಣ ಎಂದರೆ ಗಾಡಿಯ ಜೊತೆ ಬರುವ ಕೈಪಿಡಿ. ಇದನ್ನು ವೇದಕ್ಕೆ ಸಮ ಎನ್ನಲು ಕಾರಣವಿದೆ: ಎಲ್ಲರ ಮನೆಯಲ್ಲೂ ಇದೆ, ಓದಿದವರಿಲ್ಲ, ಅದರಲ್ಲಿ ಎಲ್ಲವೂ ಇದೆ ಎಂಬ ನಂಬಿಕೆ ಮಾತ್ರ ಗಟ್ಟಿ. ಸೀಟಿನ ಕೆಳಗೆ, ಆರ್‌ಸಿ ಜೆರಾಕ್ಸು ಮತ್ತು ಅವಧಿ ಮುಗಿದ ಇನ್ಶೂರೆನ್ಸಿನ ನಡುವೆ, ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಕೂತಿರುತ್ತದೆ. ಬಿಚ್ಚಿ ನೋಡಿದರೆ ಯಾವ ಪೆಟ್ರೋಲ್ ಎಂದು ಒಂದು ಸಾಲು ಸಿಗುತ್ತದೆ. ಈ ಗ್ರಂಥ ಬೇಕಿರಲಿಲ್ಲ. ಅಮೆರಿಕದಲ್ಲೂ ಓದುವುದಿಲ್ಲವಂತೆ. ಸಾದಾ ಸಾಕು ಎಂದು ಕೈಪಿಡಿ ಹೇಳಿದ ಕಾರುಗಳಿಗೇ ಪ್ರೀಮಿಯಂ ಹಾಕಿಸಿ ಒಂದು ವರ್ಷದಲ್ಲಿ 210 ಕೋಟಿ ಡಾಲರ್ ಕಳೆದರೆಂದು ಅಲ್ಲಿನ ವಾಹನಮಾಲೀಕರ ಸಂಘ ಎಎಎ 2016ರಲ್ಲಿ ಲೆಕ್ಕ ಹಾಕಿತು. ಅವರಿಗಿಂತ ಮುಂಚೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕು ಓಡಿಸಿದವರು ಬುದ್ಧಿವಂತರು. ಪೆಟ್ರೋಲಿಗೆ ಆಯಿಲ್ ಸುರಿದು, ಗಾಡಿಯನ್ನೇ ಅಲ್ಲಾಡಿಸಿ ಕಲೆಸಿ, ಹಿಂದೆ ನೀಲಿ ಹೊಗೆ ಬಿಡುತ್ತಾ ಬೆಟ್ಟ ಹತ್ತಿದರು. ಶುದ್ಧಿಯ ಪ್ರಶ್ನೆ ಅವರಿಗೆ ಹುಟ್ಟಲೇ ಇಲ್ಲ.

ಎಂಜಿನ್ ಒಳಗನ್ನು ತೊಳೆಯುವ ಮಸಾಲೆ ಹಾಕಿದ್ದಾರಲ್ಲ ಎಂಬುದು ಅಧಿಕವಾದಿಗಳ ಕೊನೆಯ ಅಸ್ತ್ರ. ಹಾಕಿರುತ್ತಾರೆ, ಅದರಿಂದ ಸ್ವಲ್ಪ ಗುಣ ಉಂಟು. ಏರ್ ಫಿಲ್ಟರನ್ನು ಬಿಚ್ಚಿ ಒದರಿದರೂ ಸ್ವಲ್ಪ ಗುಣ ಉಂಟು. ಮುಂದಕ್ಕೆ.

ನಡುವೆ ಎಥನಾಲ್ ಬಂದು ಎರಡೂ ಪಕ್ಷಗಳನ್ನು ಗೊಂದಲಕ್ಕೆ ಕೆಡವಿತು. ಶೇಕಡ 20 ಬೆರಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲಿನ ಆಕ್ಟೇನ್ ಅಂಕ ನೂರನ್ನೂ ಮೀರಿದ್ದು, ಸುಮಾರು 108. ಸಂಯಮದಲ್ಲಿ ಮಹಾಯೋಗಿ. ಶಕ್ತಿ ಮಾತ್ರ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಳೆಯ ದ್ವಿಚಕ್ರ ವಾಹನಗಳ ಮೈಲೇಜು ಇದರಿಂದ ಶೇಕಡ 3ರಿಂದ 4ರಷ್ಟು ಇಳಿದೀತು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಎಥನಾಲ್ ಬರುವುದು ಕಬ್ಬಿನಿಂದ, ಈಗೀಗ ಮುಸುಕಿನ ಜೋಳದಿಂದ. ಅಂದರೆ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಕೊಳ್ಳೇಗಾಲದ ರೈತನೂ, ಜೋಳ ಮಾರುವ ಅಜ್ಜೀಪುರದವನೂ ತಾವು ಬೆಳೆದದ್ದರ ನೆಂಟನನ್ನು ಬಂಕಿನಲ್ಲಿ ಮತ್ತೆ ಕಾಸು ಕೊಟ್ಟು ಕೊಳ್ಳುತ್ತಿರಬಹುದು. ಮಾರುವಾಗ ಕ್ವಿಂಟಲ್ ಲೆಕ್ಕ, ಕೊಳ್ಳುವಾಗ ಮಿಲಿಲೀಟರ್ ಲೆಕ್ಕ. ಲಾಭ ಯಾರಿಗೆ ಎಂಬ ಅಧಿಕರಣವನ್ನು ಬೇರೆ ಗ್ರಂಥಕ್ಕೆ ಬಿಡಲಾಗಿದೆ.

ಈಗ ಸಿದ್ಧಾಂತ. ಈವರೆಗಿನ ಪಂಡಿತರೆಲ್ಲ ‘ಹೆಚ್ಚು ಕಾಸು ಕೊಡಬಹುದೇ’ ಎಂದು ಕೇಳಿದರು. ಅಜ್ಜೀಪುರದಲ್ಲಿ ಹೆಚ್ಚು ಕಾಸು ಕೊಡುವವನು ಎಲ್ಲಿದ್ದಾನೆ? ಇಲ್ಲಿ ಲೀಟರ್ ಲೆಕ್ಕದಲ್ಲಿ ಪೆಟ್ರೋಲ್ ಕೇಳಿದವನನ್ನು ಪರ ಊರಿನವನು ಎಂದು ತಿರುಗಿ ನೋಡುತ್ತಾರೆ. ‘ನೂರ್ರುಪಾಯ್ಗ್ ಹಾಕಣ್ಣ.’ ಮುಗಿಯಿತು. ದರ ಎಂಬತ್ತಿದ್ದಾಗಲೂ ನೂರು, ನೂರು ದಾಟಿದಾಗಲೂ ನೂರು. 2024ರ ಜೂನಿನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇಕಡ 25.92ರಿಂದ 29.84ಕ್ಕೆ ಏರಿಸಿ ಲೀಟರಿಗೆ ಮೂರು ರೂಪಾಯಿ ಹೆಚ್ಚಿಸಿದಾಗ ಇಡೀ ರಾಜ್ಯ ಕೂಗಾಡಿತು. ನೂರು ರೂಪಾಯಿಯವನು ಅಂದೂ ನೂರೇ ಕೊಟ್ಟ. ಇದಕ್ಕೆ ನೂರುರೂಪಾಯಿ ನ್ಯಾಯವೆಂದು ಹೆಸರು. ಈ ನ್ಯಾಯದ ಪ್ರಕಾರ ಪವರ್ ಹಾಕಿಸಿದವನು ಕಾಸು ಹೆಚ್ಚು ಕೊಡುವುದಿಲ್ಲ, ದಾರಿ ಕಡಿಮೆ ಕೊಳ್ಳುತ್ತಾನೆ. ಸಾದಾ 103 ರೂಪಾಯಿ, ಪವರ್ 111 ಎಂದಿಟ್ಟುಕೊಳ್ಳಿ. ನೂರಕ್ಕೆ ಮೊದಲನೆಯದು 971 ಮಿಲಿಲೀಟರ್, ಎರಡನೆಯದು 901. ಕಳೆದದ್ದು 70 ಮಿಲಿಲೀಟರ್, ಒಂದು ಚಿಕ್ಕ ಲೋಟ ಕಾಫಿಯಷ್ಟು. ಲೀಟರಿಗೆ ಅರವತ್ತು ಕೊಡುತ್ತದೆಂದು ಮಾಲೀಕ ಮಾದಪ್ಪನಾಣೆ ಇಟ್ಟು ಹೇಳುವ ಗಾಡಿಯಲ್ಲಿ ಅದು ನಾಲ್ಕು ಕಿಲೋಮೀಟರಿಗೂ ತುಸು ಹೆಚ್ಚು. ಈ ನಷ್ಟ ತುಂಬಬೇಕಾದರೆ ಪವರ್ ಪೆಟ್ರೋಲು ಅರವತ್ತನ್ನು ಅರವತ್ತೈದರ ಹತ್ತಿರಕ್ಕೆ ಒಯ್ಯಬೇಕು. ಒಯ್ಯುವುದಿಲ್ಲ.

ಆ ನಾಲ್ಕು ಕಿಲೋಮೀಟರ್ ಹೇಗಿರುತ್ತದೆ? ಗಾಡಿ ಮೊದಲು ಒಮ್ಮೆ ಕೆಮ್ಮುತ್ತದೆ. ಸವಾರ ಬಗ್ಗಿ ನಲ್ಲಿ ತಿರುಗಿಸಿ ರಿಸರ್ವಿಗೆ ಹಾಕಲು ಹೋದರೆ ಅದು ಆಗಲೇ ರಿಸರ್ವಿನಲ್ಲೇ ಇರುತ್ತದೆ. ಈ ಸೀಮೆಯ ಗಾಡಿಗಳು ರಿಸರ್ವಿನಲ್ಲೇ ಹುಟ್ಟಿ ರಿಸರ್ವಿನಲ್ಲೇ ಬೆಳೆದಂಥವು. ಇಳಿದು ಟ್ಯಾಂಕಿನ ಬಾಯಿಗೆ ಕಿವಿಯಿಟ್ಟು ಗಾಡಿ ಅಲ್ಲಾಡಿಸುತ್ತಾನೆ. ತಳದಲ್ಲೆಲ್ಲೋ ಚಳಕ್ ಎನ್ನುತ್ತದೆ. ಗಾಡಿಯನ್ನು ಎಡಕ್ಕೆ ನೆಲ ಮುಟ್ಟುವಂತೆ ಮಲಗಿಸಿ, ಬಲಗಡೆ ಉಳಿದದ್ದನ್ನು ನಲ್ಲಿಯ ಕಡೆಗೆ ಇಳಿಸಿ, ಎತ್ತಿ ನಿಲ್ಲಿಸಿ, ಟ್ಯಾಂಕಿನ ಬಾಯಿಗೆ ತನ್ನ ಬಾಯಿ ಹಚ್ಚಿ ಗಲ್ಲ ಉಬ್ಬಿಸಿ ಊದುತ್ತಾನೆ. ಒದೆಯುತ್ತಾನೆ. ಗಾಡಿ ಹೊರಟು ಒಂದು ಹೊಲ ದಾಟಿ ಮತ್ತೆ ನಿಲ್ಲುತ್ತದೆ. ತುಟಿಯ ಮೇಲೆ ಉಳಿದ ರುಚಿಯಲ್ಲಿ 91ಕ್ಕೂ 95ಕ್ಕೂ ವ್ಯತ್ಯಾಸ ಕಂಡವರು ಯಾರೂ ಇಲ್ಲ.

ಅಧಿಕ ಬೆಲೆಯ ಪೆಟ್ರೋಲ್ ಯಾವುದೆಂಬುದು ಗೊತ್ತಾಗುವುದು ಇಲ್ಲಿಂದ ಮುಂದೆ. ಕಾಡಂಚಿನ ಊರಿನ ಪೆಟ್ಟಿಗೆ ಅಂಗಡಿಯಲ್ಲಿ, ಬೀಡಿ ಕಟ್ಟಿಗೂ ಬಾಳೆಗೊನೆಗೂ ಆಚೆ, ಗೋಣಿಚೀಲದ ಮರೆಯಲ್ಲಿ ಕೂತಿರುವ ನೀರಿನ ಬಾಟಲಿ. ಹೆಸರಿಗೆ ಲೀಟರ್, ಕತ್ತಿನವರೆಗೆ ತುಂಬಿಲ್ಲ. ಬಂಕಿನ ದರದ ಮೇಲೆ ಇಪ್ಪತ್ತೋ ಮೂವತ್ತೋ. ಲೈಸೆನ್ಸ್ ಇಲ್ಲದೆ ಹೀಗೆ ಮಾರಲು ಕಾನೂನು ಬಿಡುವುದಿಲ್ಲ. ಬೀಡಿಯ ಪಕ್ಕ ಇಡಲು ಬುದ್ಧಿಯೂ ಬಿಡಬಾರದು. ಬಿಸಿಲಿಗೆ ಕಾದು ಅದರ ಹಗುರಾದ ಸಾರ ಬಾಟಲಿ ತೆರೆದಾಗಲೆಲ್ಲ ಹಾರಿಹೋಗಿರುತ್ತದೆ, ಮಳೆಗಾಲದಲ್ಲಿ ನಾಲ್ಕು ಹನಿ ನೀರು ಸೇರಿದರೆ ಎಥನಾಲ್ ಅದರ ಜೊತೆ ತಳಕ್ಕೆ ಇಳಿದು ಕೂರುತ್ತದೆ. ಗುಣದಲ್ಲಿ ಎಲ್ಲಕ್ಕಿಂತ ಕೆಳಗೆ, ಬೆಲೆಯಲ್ಲಿ ಈ ಸೀಮೆಯ ಎಲ್ಲಕ್ಕಿಂತ ಮೇಲೆ. ಹಾಗಿದ್ದೂ ಬಂಕಿನಲ್ಲಿ ಎಂಟು ರೂಪಾಯಿಗೆ ತರ್ಕ ಮಾಡಿದವನು ಇಲ್ಲಿ ಮಾತಿಲ್ಲದೆ ಮೂವತ್ತು ಕೊಡುತ್ತಾನೆ. ಬಂಕಿನವನು ಹೆಚ್ಚು ಕೇಳುವುದು ಸಂಯಮಕ್ಕೆ, ಪೆಟ್ಟಿಗೆ ಅಂಗಡಿಯವನು ಕೇಳುವುದು ದೂರಕ್ಕೆ. ದೂರ ಕಣ್ಣಿಗೆ ಕಾಣುತ್ತದೆ, ಕತ್ತಲಾದಮೇಲಂತೂ ಆನೆಯ ರೂಪದಲ್ಲಿಯೂ.

ಮುಸ್ಸಂಜೆಯಲ್ಲಿ ಗಾಡಿ ತಳ್ಳಿಕೊಂಡು ಬಂದ ಒಬ್ಬ ಅಧಿಕವಾದಿ, ಅಭ್ಯಾಸಬಲದಿಂದ, ಇಲ್ಲೂ ಕೇಳಿದನಂತೆ.

‘ಯಣ್ಣ, ಇದು ಪವರೋ ಸಾದಾನೋ?’

‘ಇದು ಪವರು ಕನಪ್ಪ. ಸಾದಾ ಬೇಕಾ? ಹಿಂಗೇ ಹನೂರ್ ಗಂಟ ತಳ್ಕಂಡ್ ಹೋಗು, ಅದು ಸಾದಾ. ಅದ್ಕೆ ಕಾಸಿಲ್ಲ.’

ಈ ವಾದಕ್ಕೆ ಪ್ರತಿವಾದಿಗಳು ಇನ್ನೂ ಯಾರೂ ಹೊರಟಿಲ್ಲ. ಅಧಿಕವಾದಿ ಮಾತ್ರ ಮುಚ್ಚಳ ತೆಗೆದು, ದಿನಪತ್ರಿಕೆಯ ಹಾಳೆ ಸುರುಳಿ ಸುತ್ತಿ ಆಲಿಕೆ ಮಾಡಿಕೊಂಡು, ಬಾಟಲಿ ಬಗ್ಗಿಸಿದ. ಚಿಲ್ಲರೆ ಹತ್ತು ರೂಪಾಯಿಗೆ ಅಂಗಡಿಯವರು ಎರಡು ಬಾಳೆಹಣ್ಣು ಕೊಟ್ಟರು.