ತಲೆಕೆಳಗಾದ 1200

ಎಸ್ಸೆಸ್ಸೆಲ್ಸಿಯಿಂದ ಬಿ.ಕಾಂ.ವರೆಗೆ ಸೆಕೆಂಡ್ ಕ್ಲಾಸ್ ದಾಟದ ನಾನು ಫಸ್ಟ್ ಕ್ಲಾಸ್ ಬಂದದ್ದು ಜೀವಮಾನದಲ್ಲಿ ಒಂದೇ ಸಲ. 2021ರ ಮೇ ತಿಂಗಳಲ್ಲಿ, ಸಿ.ಟಿ. ಸ್ಕ್ಯಾನಿನಲ್ಲಿ. 25ಕ್ಕೆ 17. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡದ್ದಕ್ಕೆ ಎರಡು, ಹಾಲೆಗೆ ಐದರಂತೆ ಒಟ್ಟು 25 ಅಂಕ. ಕೋವಿಡ್ ನ್ಯುಮೋನಿಯಾ ಹೆಚ್ಚು ಜಾಗ ತಿಂದಷ್ಟೂ ಹೆಚ್ಚು ಅಂಕ. ಆ ಜ್ವರದಲ್ಲೂ ಶೇಕಡಾ 68 ಎಂದು ಲೆಕ್ಕ ಹಾಕಿ ಬೀಗಿದೆ. ಪಿಪಿಇ ಕಿಟ್ಟಿನೊಳಗಿಂದ ನರ್ಸಮ್ಮ, "ಇದ್ರಲ್ಲಿ ಕಮ್ಮಿ ತಗೊಂಡವ್ರೇ ಜಾಣರು ಸಾರ್" ಅಂದರು.

ಹನ್ನೊಂದು ದಿನ ಮೂತಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿಕೊಂಡು ಬೋರಲು ಮಲಗಿದ್ದೆ. ಬೋರಲು ಮಲಗಿದರೆ ಶ್ವಾಸಕೋಶದ ಬೆನ್ನಿನ ಭಾಗಕ್ಕೂ ಗಾಳಿ ಚೆನ್ನಾಗಿ ಹೋಗುತ್ತದಂತೆ. ಐವತ್ತೆರಡು ವರ್ಷ ಅಕ್ಕರೆಯಿಂದ ಸಾಕಿದ ಹೊಟ್ಟೆಯ ಮೇಲೆ ಬೋರಲು ಬೀಳುವುದೆಂದರೆ ತೊಟ್ಟಿಲು ಇದ್ದಂತೆ. ತಲೆ ಕೆಳಗಾದರೆ ಕಾಲು ಮೇಲೆ, ಕಾಲು ಕೆಳಗಾದರೆ ತಲೆ ಮೇಲೆ.

ಮನೆಗೆ ಕಳಿಸುವಾಗ ಬಿಲ್ಲು, ಮಾತ್ರೆ ಚೀಟಿಯ ಜೊತೆ ಒಂದು ಪ್ಲಾಸ್ಟಿಕ್ ಯಂತ್ರ ಕೊಟ್ಟರು. ಸ್ಪೈರೋಮೀಟರ್. ಪಕ್ಕಪಕ್ಕದಲ್ಲಿ ಮೂರು ಗೂಡು, ಗೂಡಿಗೊಂದು ಬಣ್ಣದ ಚೆಂಡು, ಮೇಲೆ 600, 900, 1200 ಎಂದು ಬರಹ, ಬಾಯಿಗಿಡಲು ಕೊಳವೆ. ಹೇಗೆ ಮಾಡಬೇಕೆಂದು ತೋರಿಸಲು ಬಂದ ಹುಡುಗನನ್ನು ನಾನೇ ತಡೆದೆ. "ಗೊತ್ತು ಬಿಡಪ್ಪ."

ಗೊತ್ತಿಲ್ಲದೆ ಏನು? ಊದುವುದರಲ್ಲಿ ನನ್ನದು ಪಳಗಿದ ಬಾಯಿ. ಅಮ್ಮನ ಸೌದೆ ಒಲೆಗೆ ಊದುಗೊಳವೆ ಹಿಡಿದು ಬೆಳೆದವನು. ಧನುರ್ಮಾಸದಲ್ಲಿ ಬೆಳಗಿನ ಐದಕ್ಕೆ ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಶಂಖ ಊದಿ, ಭಕ್ತರಲ್ಲದವರನ್ನೂ ಎಬ್ಬಿಸಿ ಬೈಸಿಕೊಳ್ಳುವವನು. ಆ ಠೀವಿಯಲ್ಲೇ ಕುಳಿತು ಊದಿದೆ. ಚೆಂಡು ಮಿಸುಕಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ಊದಿದೆ. ಮೂರೂ ತಳದಲ್ಲಿ ಗಣಪತಿಯಂತೆ ಕೂತೇ ಇದ್ದವು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಹತ್ತರಂತೆ ಎಂಟು ದಿನ ಊದಿ, ಶ್ವಾಸಕೋಶ ಪೂರ್ತಿ ಕೆಟ್ಟಿದೆ ಎಂದು ತೀರ್ಮಾನಿಸಿ, ಎಲ್‌ಐಸಿ ಬಾಂಡು ಎಲ್ಲಿದೆ ಎಂದು ಹೆಂಡತಿಗೆ ಹೇಳಿಟ್ಟೆ.

ಒಂಬತ್ತನೇ ದಿನ, ಒಳಗೇನಾದರೂ ಸಿಕ್ಕಿಕೊಂಡಿದೆಯೋ ಎಂದು ಯಂತ್ರವನ್ನು ಮಗುಚಿ, ಸಿಟ್ಟಿನಲ್ಲಿ ಒಮ್ಮೆ ಊದಿದೆ. ಮೂರೂ ಚೆಂಡು ಟಣ್ಣನೆ ನೆಗೆದವು! ಓಹೋ, ಇದನ್ನು ಹಿಡಿಯುವುದೇ ಹೀಗಿರಬೇಕು. ಮಗನ ಕೈಲಿ ವಿಡಿಯೋ ಮಾಡಿಸಿ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿಸಿದೆ. ಕೈಮುಗಿದ ಚಿತ್ರಗಳು, ಚಪ್ಪಾಳೆಗಳು, ಹಾಸನದ ಅತ್ತಿಗೆಯಿಂದ ಸತ್ಯನಾರಾಯಣ ಪೂಜೆಯ ಹರಕೆ. ನಡುವೆ ಫಿಸಿಯೋಥೆರಪಿ ಓದುತ್ತಿರುವ ಅಕ್ಕನ ಮಗಳದೊಂದು ಸಾಲು: "ಮಾಮ, 1200 ಯಾಕೆ ತಲೆಕೆಳಗಿದೆ?"

ಫೋನು ಬಂತು.

"ಅದು ಊದೋದಲ್ಲ ಮಾಮ, ಎಳ್ಕೊಳ್ಳೋದು."

"ಮತ್ತೆ ಇಷ್ಟು ದಿನ ನಾನು ಮಾಡಿದ್ದೇನೇ?"

"ಪೈಪ್ ಕ್ಲೀನ್ ಮಾಡಿದ್ರಿ."

ಆಮೇಲೆ ಪಾಠ ಶುರು. ಎದೆಯೊಳಗೆ ಕೋಟಿಗಟ್ಟಲೆ ಗಾಳಿಗೂಡುಗಳಿವೆ. ನ್ಯುಮೋನಿಯಾದಲ್ಲಿ ದ್ರವ ತುಂಬಿ, ಕೆಲವು ಕುಸಿದು ಅಂಟಿಕೊಳ್ಳುತ್ತವೆ. ತರಕಾರಿ ಅಂಗಡಿಯ ಪ್ಲಾಸ್ಟಿಕ್ ಕವರಿನ ಬಾಯಿ ಬಿಡಿಸುವ ಹಾಗೆ ನಿಧಾನವಾಗಿ, ಆಳವಾಗಿ ಉಸಿರೆಳೆದು ಅವನ್ನು ಬಿಡಿಸಬೇಕು. ಗೂಡುಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದಂತೆ. ಲೆಕ್ಕ ಹಾಕಿದೆ: 750 ಚದರಡಿ! ಇಪ್ಪತ್ತು ವರ್ಷ ಕಂತು ಕಟ್ಟಿ ಕೊಂಡ ನನ್ನ 20x30 ಸೈಟಿಗಿಂತ ದೊಡ್ಡ ಜಾಗ ಎದೆಯೊಳಗೇ ಬಿಟ್ಟಿ ಸಿಕ್ಕಿತ್ತು. ಖಾತೆ, ಕಂದಾಯದ ಗೋಳಿಲ್ಲ. ಅದಕ್ಕೇ ಇರಬೇಕು, ಇಷ್ಟು ವರ್ಷ ಆ ಕಡೆ ತಲೆ ಹಾಕಿರಲಿಲ್ಲ.

ಬೆನ್ನು ನೆಟ್ಟಗೆ ಮಾಡಿ, ಇದ್ದ ಉಸಿರು ಬಿಟ್ಟು, ತುಟಿ ಬಿಗಿದು ಎಳೆದೆ. 600ರ ಚೆಂಡು ಹೊಸ ಅಳಿಯನಂತೆ ಹಿಂದೆಮುಂದೆ ನೋಡುತ್ತ ಅರ್ಧ ಏರಿತು, ನಡುಗಿತು, ಬಿತ್ತು. ಹಿಂದೆಯೇ ಕೆಮ್ಮು. ಮೂರನ್ನೂ ಏರಿಸುವ ಹಟಕ್ಕೆ ರಪ್ಪನೆ ಎಳೆದರೆ ಅವಳು ಅದಕ್ಕೂ ಬೈದಳು: "ಜಂಬ ಬೇಡ. ಒಂದನ್ನೇ ಮೇಲೆ ಮೂರು ಸೆಕೆಂಡ್ ನಿಲ್ಸಿ ನೋಡಣ." ಶಂಖದ ವಿದ್ವಾಂಸನಿಗೆ ಅಷ್ಟಕ್ಕೇ ಒಂದು ವಾರ ಹಿಡಿಯಿತು.

ಇನ್ನು ಬೆರಳಿನ ಆಕ್ಸಿಮೀಟರ್ ವಿಷಯ. ಸ್ಟೀರಾಯ್ಡ್ ಮಾತ್ರೆಯಿಂದ ಸಕ್ಕರೆಯೂ ಏರಿತ್ತು, ಹಸಿವೂ ಏರಿತ್ತು. ಒಂದು ರಾತ್ರಿ ಎರಡು ಗಂಟೆಗೆ ಕಳ್ಳಹೆಜ್ಜೆಯಲ್ಲಿ ಹೋಗಿ ಫ್ರಿಜ್ಜಿನಿಂದ ಮಗನ ಐಸ್‌ಕ್ರೀಮ್ ಡಬ್ಬ ತೆಗೆದು, ಕತ್ತಲಲ್ಲೇ ಅಂಗೈಯಲ್ಲಿ ಹಿಡಿದು ಮುಗಿಸಿದೆ. ಪಾಪಪ್ರಜ್ಞೆಗೆ ಬೆರಳು ತೂರಿಸಿ ನೋಡಿದರೆ 84! ಕಿರುಚಿದೆ. ಹೆಂಡತಿ ಎದ್ದಳು, ಮಗ ಆಂಬುಲೆನ್ಸಿಗೆ ಫೋನ್ ಎತ್ತಿದ. ಅವಳು ನನ್ನ ಕೈ ಹಿಡಿದವಳೇ ದೀಪ ಹಾಕಿದಳು. "ಕೈ ಯಾಕೆ ಹಿಂಗೆ ಮಂಜುಗಡ್ಡೆ ಆಗಿದೆ?" ಬೆರಳು ತಣ್ಣಗಿದ್ದರೆ ರಕ್ತದ ಓಡಾಟ ಕಮ್ಮಿಯಾಗಿ ಯಂತ್ರ ತಪ್ಪು ತೋರಿಸುತ್ತದೆ. ಉಜ್ಜಿ ಬಿಸಿ ಮಾಡಿ ನೋಡಿದಾಗ 96. ಮೀಸೆಯಲ್ಲಿ ಬಟರ್‌ಸ್ಕಾಚ್ ಇತ್ತು. ಆಂಬುಲೆನ್ಸ್ ಬಂದಿದ್ದರೇ ವಾಸಿಯಿತ್ತು.

ಮೂರು ತಿಂಗಳಿಗೆ ಮರುಪರೀಕ್ಷೆ. ಸ್ಕ್ಯಾನಿನಲ್ಲಿ ಕಲೆ ಬಹುಪಾಲು ಮಾಸಿತ್ತು. ಆಮೇಲೆ ಆರು ನಿಮಿಷದ ನಡಿಗೆ: 30 ಮೀಟರ್ ಕಾರಿಡಾರು, ತುದಿಗೊಂದು ಕೋನ್, ಬೆರಳಿಗೆ ಯಂತ್ರ. "ಓಡಬೇಡಿ, ಮಾತಾಡಬೇಡಿ, ಸುಸ್ತಾದ್ರೆ ನಿಲ್ಲಿ" ಎಂದಳು ಹುಡುಗಿ. ಶುರುವಿಗೆ 97.

ನಾಲ್ಕು ನಿಮಿಷ ಮರ್ಯಾದೆಯಿಂದಲೇ ನಡೆದೆ. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಎಂಬತ್ತರ ಅಜ್ಜ ಒಬ್ಬರು ಊರುಗೋಲು ಹಿಡಿದು ಬಂದು ನನ್ನನ್ನು ದಾಟಿದರು. ಅವರಿಗೂ ಪರೀಕ್ಷೆ ಇದೆಯೆಂದುಕೊಂಡೆ. ಹೆಜ್ಜೆ ಬಿರುಸು ಮಾಡಿದೆ. ಅಜ್ಜ ತಿರುಗಿ ನೋಡಿ ಇನ್ನೂ ಬಿರುಸು ಮಾಡಿದರು. ಕೋನಿನವರೆಗೂ ಸಮಸಮ ಹೋದೆವು. ನಾನು ಕೋನು ಸುತ್ತಿದೆ; ಅವರು ನೇರ ಹೋಗಿ 'ಪುರುಷರು' ಎಂದು ಬರೆದ ಬಾಗಿಲು ತಳ್ಳಿಕೊಂಡು ಒಳಗೆ ಹೊಕ್ಕರು.

ಆರು ನಿಮಿಷ ಮುಗಿಯಿತು. 384 ಮೀಟರ್, ಬೆರಳಲ್ಲಿ 92. "ಯಾಕೆ ಸಾರ್ ಅಷ್ಟು ಜೋರಾಗಿ ಹೋದ್ರಿ?" ಎಂದು ಹುಡುಗಿ ಕೇಳಿದಳು. ಮಾತಾಡಬೇಡಿ ಎಂದಿದ್ದಳಲ್ಲ, ಆ ನಿಯಮವನ್ನು ಇನ್ನೂ ಐದು ನಿಮಿಷ ಪಾಲಿಸಿದೆ.